ಎಡಗಾಲಿಯ ಹೊರ ಅಂಚು

ಟೈರನ್ನು ಕಣ್ಣಿನಿಂದಲ್ಲ, ಅಂಗೈಯಿಂದ ನೋಡಬೇಕು ಎಂದು ನನಗೆ ಕಲಿಸಿದವನು ನನ್ನ ಅಣ್ಣ. ಕಾನ್ವೆಂಟಿನ ಸಿಸ್ಟರುಗಳು ಪಿಯಾನೊ ಕಲಿಸಿದರು, ಕ್ರೋಶೆ ಕಲಿಸಿದರು, ಇಂಗ್ಲಿಷ್ ಪದ್ಯಗಳನ್ನು ಎದೆಯುಬ್ಬಿಸಿ ಹೇಳುವುದನ್ನು ಕಲಿಸಿದರು. ಈ ಇಳಿವಯಸ್ಸಿನಲ್ಲಿ ಅದರಲ್ಲಿ ಒಂದೂ ಬೆರಳಿನಲ್ಲಿ ಉಳಿದಿಲ್ಲ. ಅಣ್ಣ ಕಲಿಸಿದ್ದು ಮಾತ್ರ ಉಳಿದಿದೆ. ಈಗಲೂ ಮನೆಯ ಮುಂದೆ ಯಾರದಾದರೂ ಕಾರು ನಿಂತರೆ ಮುಂದಿನ ಗಾಲಿಯ ಮೇಲೆ ಕೈಯಾಡಿಸಬೇಕೆನ್ನಿಸುತ್ತದೆ. "ಅಜ್ಜೀ, ಕೈ ಹೊಲಸಾಗ್ತಾವ" ಎಂದು ಮೊಮ್ಮಕ್ಕಳು ಜಗ್ಗುತ್ತಾರೆ. ಆಗಲಿ, ಎಂದುಕೊಳ್ಳುತ್ತೇನೆ.

"ಒಳಗಿನಿಂದ ಹೊರಗ ಒಮ್ಮೆ ಸವರು. ಹೊರಗಿನಿಂದ ಒಳಗ ಒಮ್ಮೆ ಸವರು. ಒಂದ ಕಡೆ ರೇಶಿಮಿ, ಇನ್ನೊಂದ ಕಡೆ ಗರಗಸ ಅನಿಸ್ತಂದ್ರ ಗಾಲಿ ಸೀದಾ ಓಡವಲ್ಲದು ಅಂತ ತಿಳಕೋ. ನಿನ್ನ ಅಂಗೈ ಸುಳ್ಳು ಹೇಳಂಗಿಲ್ಲ, ಮೇಡಮ್." ನಾನು ಓದಿದ ಕಾನ್ವೆಂಟಿನಲ್ಲೇ ಸಣ್ಣ ಮಕ್ಕಳಿಗೆ ಪಾಠ ಹೇಳತೊಡಗಿದ ಮೇಲೆ ಅಣ್ಣ ನನ್ನನ್ನು ಕರೆಯುತ್ತಿದ್ದದ್ದೇ ಮೇಡಮ್ ಎಂದು.

ಆ ಕಾರು ಅವನ ಜೀವ. ಎರಡೇ ಸೀಟಿನ, ಮೇಲೆ ತೆರೆದ, ಉದ್ದ ಮೂತಿಯ ಸ್ಪೋರ್ಟ್ಸ್ ಕಾರು. ಬಣ್ಣ ಬಾಟಲ್ ಗ್ರೀನ್. ಹುಬ್ಬಳ್ಳಿಯಲ್ಲಿದ್ದ ರೈಲ್ವೆಯ ಒಬ್ಬ ಇಂಗ್ಲಿಷ್ ಸಾಹೇಬ ತನ್ನ ದೇಶಕ್ಕೆ ಹೊರಟಾಗ ಮಾರಿ ಹೋದದ್ದು. ಸೈಕಲ್ಲಿಗಿರುವಂಥ ಕಡ್ಡಿಗಳ ಗಾಲಿ. ಪ್ರತಿ ಗಾಲಿಯ ನಡುವೆ ಎರಡು ಕಿವಿಯ ಒಂದೇ ದೊಡ್ಡ ನಟ್ಟು. ಅದನ್ನು ತಾಮ್ರದ ಸುತ್ತಿಗೆಯಿಂದ ಬಡಿದೇ ಬಿಗಿಯಬೇಕು, ಬಡಿದೇ ಬಿಚ್ಚಬೇಕು. ಧಾರವಾಡದ ನಮ್ಮ ಓಣಿಯಲ್ಲಿ ಟಾಂಗಾದ ಕುದುರೆಗಳು ಆ ಕಾರನ್ನು ಕಂಡರೆ ಬೆದರುತ್ತಿದ್ದವು. ಅಣ್ಣ ಇರುವತನಕ ನಮ್ಮ ಅವ್ವ ಒಂದು ದಿನವೂ ಅದರಲ್ಲಿ ಕೂಡಲಿಲ್ಲ. "ಆ ತೆರದ ಡಬ್ಬ್ಯಾಗ ಕೂತು ಊರ ಮಂದಿಗೆ ಮಾರಿ ತೋರಸ್ಲೇನು? ಮ್ಯಾಲ ಛಾವಣಿ ಇಲ್ಲ, ಬದಿಗೆ ಬಾಗಲಾ ಇದ್ದೂ ಇಲ್ಲಧಂಗ. ಅದಕಿಂತ ಚಕ್ಕಡಿ ಛಲೋ" ಎನ್ನುತ್ತಿದ್ದಳು. ಅಣ್ಣ ಎದುರಿಗೆ ಬಾಗಿ, ಬಾಗಿಲು ತೆರೆದು, "ಯುವರ್ ಹೈನೆಸ್, ಬರ್ರಿ" ಎಂದರೆ ಸೆರಗಿನಿಂದ ಅವನ ಬೆನ್ನಿಗೆ ಹೊಡೆದು ಒಳಗೆ ಹೋಗುತ್ತಿದ್ದಳು. ನಗುತ್ತಲೇ ಹೋಗುತ್ತಿದ್ದಳು.

ಅಣ್ಣ ಇಂಜಿನಿಯರು. ಯುದ್ಧ ಶುರುವಾದಾಗ ಸೈನ್ಯದ ಇಂಜಿನಿಯರುಗಳ ಜೊತೆ ಮಲಯಾಕ್ಕೆ ಹೋದ. ಹೋಗುವ ಮೊದಲು ಮುಂದಿನ ಎರಡು ಗಾಲಿಗಳಿಗೆ ಹೊಸ ಟೈರು ಹಾಕಿಸಿದ. ಅಪ್ಪನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ನನಗೆ ಅವನೇ ಕಲಿಸಿದ್ದ. ಇಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದ: "ವಾರಕ್ಕೊಮ್ಮೆ ಉಣಕಲ್ ತನಾ ಓಡಿಸಿಕೊಂಡು ಬರ್ರಿ. ಗಾಡಿ ನಿಂತರ ಸಾಯ್ತದ. ನಾ ಬಂದಾಗ ಸ್ಟಾರ್ಟ್ ಆಗಬೇಕು ನೋಡಪಾ, ನೆಪ ಹೇಳಬಾರದು."

ಸಿಂಗಾಪುರ ಬಿತ್ತು. ಆಮೇಲೆ ಅಣ್ಣನಿಂದ ಒಂದು ಕಾರ್ಡೂ ಬರಲಿಲ್ಲ. ಸೆರೆ ಸಿಕ್ಕವರ ಹೆಸರುಗಳಲ್ಲಿ ಅವನದಿರಲಿಲ್ಲ, ಸತ್ತವರಲ್ಲೂ ಇರಲಿಲ್ಲ. ಸರಕಾರದವರು 'ಮಿಸ್ಸಿಂಗ್' ಎಂದು ತಿಳಿಸಿ ಸುಮ್ಮನಾದರು. ಅಂಥ ಶಬ್ದವನ್ನು ಮನೆಯಲ್ಲಿ ಎಲ್ಲಿಡುವುದು? ಅಳುವ ಹಾಗಿಲ್ಲ, ಅಳದಿರುವ ಹಾಗೂ ಇಲ್ಲ. ಅವ್ವ ದಿನಾ ಅನ್ನಕ್ಕೆ ಒಂದು ಹಿಡಿ ಅಕ್ಕಿ ಹೆಚ್ಚು ಹಾಕುತ್ತಿದ್ದಳು, ಸಂಜೆ ಅದು ಆಕಳಿಗೆ ಹೋಗುತ್ತಿತ್ತು. ಅಪ್ಪ ಕಾರು ನೋಡಿಕೊಂಡರು.

ಅಪ್ಪ ವಕೀಲರು. ದೇವರು ದಿಂಡರು ಎಂದರೆ ತುಟಿ ಕೊಂಕಿಸುವವರು. "ಎವಿಡೆನ್ಸ್ ಎಲ್ಲದ?" ಎಂಬುದು ಅವರ ಮಾತು. ಆದರೆ ಪ್ರತಿ ಭಾನುವಾರ ಮುಂಜಾನೆ ಕೋಟು ತೆಗೆದಿಟ್ಟು, ಧೋತರದ ಕಚ್ಚೆ ಬಿಗಿದು, ಹಿತ್ತಲಿನಲ್ಲಿ ನಿಂತ ಆ ಕಾರನ್ನು ಒರೆಸುವಾಗ ಅವರ ಮುಖ ನೋಡಿದ್ದರೆ ನೀವೂ ಮಾತಾಡಿಸುತ್ತಿರಲಿಲ್ಲ. ಯಾರಿಗೂ ಅದನ್ನು ಮುಟ್ಟಗೊಡುತ್ತಿರಲಿಲ್ಲ. "ಅವಾ ಹೆಂಗ ಬಿಟ್ಟು ಹೋಗ್ಯಾನ ಹಂಗ ಇರಬೇಕು, ತಂಗಿ" ಎಂದು ನನಗೆ ಹೇಳುತ್ತಿದ್ದರು. ಮಗಳನ್ನೂ ತಂಗಿ ಎಂದೇ ಕರೆಯುವುದು ನಮ್ಮ ಕಡೆಯ ರೂಢಿ. ಪೆಟ್ರೋಲಿಗೆ ಕೂಪನ್ನು ಬಂದಿತ್ತು. ವಾರಕ್ಕೊಮ್ಮೆ ಎನ್ನುವುದು ಹದಿನೈದು ದಿನಕ್ಕೊಮ್ಮೆ ಆಯಿತು. ಟೈರಂತೂ ಯುದ್ಧದ ಪಾಲಾಗಿತ್ತು. ಅಷ್ಟು ಸಣ್ಣ ಗಾಲಿಯ ಟೈರು ಹುಬ್ಬಳ್ಳಿಯಲ್ಲಿಲ್ಲ, ಬೆಳಗಾವಿಯಲ್ಲಿಲ್ಲ, ಮುಂಬಯಿಯಿಂದಲೂ ಇಲ್ಲವೆಂದೇ ಉತ್ತರ. ಇದ್ದವು ಸವೆದರೆ ಕಾರಿನ ಕಥೆ ಮುಗಿಯಿತು. ಕಾರು ಮುಗಿದರೆ ಇನ್ನೇನು ಮುಗಿಯುತ್ತದೆ ಎಂಬುದನ್ನು ನಾವು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಒಂದು ಭಾನುವಾರ ಉಣಕಲ್ ಕೆರೆಯ ದಂಡೆಯಲ್ಲಿ ಕಾರು ನಿಲ್ಲಿಸಿ, ಸುಮ್ಮನೆ ಅಭ್ಯಾಸಬಲದಿಂದ ಎಡಗಾಲಿಯ ಮೇಲೆ ಅಂಗೈ ಸವರಿದೆ. ಕೈ ನಿಂತಿತು. ಹೊರ ಅಂಚಿನಲ್ಲಿ ಟೈರಿನ ಗೀರುಗಳೇ ಇರಲಿಲ್ಲ. ನುಣ್ಣಗೆ, ತೇದ ಗಂಧದ ಕೊರಡಿನ ಹಾಗೆ. ಒಳಗಿನ ಅಂಚು ಹೊಸದರಂತೆಯೇ ಇತ್ತು. ಅಪ್ಪನನ್ನು ಕರೆದೆ. ಅವರು ಕನ್ನಡಕ ಏರಿಸಿ, ಮಣ್ಣಿನಲ್ಲಿ ಮೊಣಕಾಲೂರಿ ನೋಡಿದರು.

"ನಾವು ಓಡಿಸಿದ್ದರ ಎಷ್ಟು?" ಎಂದರು.

"ಏನೂ ಇಲ್ಲಪಾ. ಹದಿನೈದು ದಿನಕ್ಕೊಮ್ಮೆ ಇಲ್ಲೀತನಾ, ಅಷ್ಟ."

"ಮತ್ತ ಸವಸಿದಾಂವ ಯಾಂವ?" ಸಾಕ್ಷಿದಾರನನ್ನು ಕೇಳಿದಂತೆ ಗಾಲಿಯನ್ನೇ ಕೇಳಿದರು.

ಮರುವಾರ ಹುಬ್ಬಳ್ಳಿಯ ಸ್ಟೇಶನ್ನಿನ ಕಡೆಯ ಒಬ್ಬ ಉಸ್ತಾದನ ಹತ್ತಿರ ಒಯ್ದೆವು. ಭಾರಿ ಮೀಸೆಯ, ಭಾರಿ ಮಾತಿನ ಮನುಷ್ಯ. ಕಾರಿನ ಸುತ್ತ ಒಂದು ಸಲ ತಿರುಗಿ, ಕೆಳಗೆ ಬಗ್ಗಿಯೂ ನೋಡದೆ ತೀರ್ಪು ಕೊಟ್ಟ.

"ಆ್ಯಕ್ಸಲ್ ಹೊಳ್ಳೇತ್ರಿ ವಕೀಲ ಸಾಹೇಬ್ರ."

"ಬಗ್ಗಿ ನೋಡಪಾ ಒಂದೀಟು."

"ನೋಡೂದೇನೈತ್ರಿ? ಹಕೀಮ ನಾಡಿ ಹಿಡೀತಾನ, ಹೊಟ್ಟಿ ಕೊಯ್ದು ನೋಡ್ತಾನೇನ್ರಿ?" ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾರ ಓಡಸ್ತಾರಲ್ಲ? ಎಲ್ಲ್ಯರ ಕಲ್ಲಿಗೆ ಬಡದಿರಬೇಕು. ಹೆಣ್ಣಮಕ್ಕಳ ಕೈಯಾಗ ಲಟ್ಟಣಿಗಿನ ಸೊಟ್ಟ ಆಗತೈತಿ, ಇದು ಆ್ಯಕ್ಸಲ್ರಿ!"

"ನಮ್ಮನ್ಯಾಗ ಲಟ್ಟಣಿಗಿ ಸೀದಾ ಅದ, ಉಸ್ತಾದ" ಎಂದೆ. "ಚಪಾತಿ ಗುಂಡಗ ಬರ್ತಾವ. ನಿಮ್ಮ ಮನ್ಯಾಗ ನೋಡಿಕೋರಿ."

ಅಪ್ಪ ನಕ್ಕರು. ಅಣ್ಣ ಹೋದ ಮೇಲೆ ಅವರು ನಕ್ಕದ್ದು ನನಗೆ ನೆನಪಿರುವುದು ಅದೊಂದೇ.

ಉಸ್ತಾದ ಆ್ಯಕ್ಸಲ್ ಬಿಚ್ಚಿ, ಕಾಯಿಸಿ, ಬಡಿದು ನೆಟ್ಟಗೆ ಮಾಡುತ್ತೇನೆಂದ. ಅಪ್ಪ ಒಪ್ಪಲಿಲ್ಲ. ಹಾಗಾದರೆ ಗಾಲಿಗಳ ಮೂಗು ತಿದ್ದುತ್ತೇನೆಂದ. ಮುಂದಿನ ಎರಡು ಗಾಲಿಗಳು ಒಂದಕ್ಕೊಂದು ಎಷ್ಟು ಓರೆಯಾಗಿ ನಿಂತಿವೆ ಎಂಬುದನ್ನು ಅವುಗಳ ನಡುವಿನ ಸರಳನ್ನು ತಿರುವಿ ಹೊಂದಿಸುತ್ತಾರೆ. ಅದನ್ನು ಹೇಗೋ ತಿರುವಿದ. ಮುಂದಿನ ಸಲ ನೋಡಿದಾಗ ಟೈರು ಇನ್ನೂ ಸವೆದಿತ್ತು. ಮತ್ತೆ ಹೋದೆವು, ಗಾಲಿ ಹೊರಳುವ ಕೀಲು, ಕಿಂಗ್ ಪಿನ್, ಸಡಿಲಾಗಿದೆ ಎಂದ, ಬಿಗಿದ. ಮತ್ತೆ ಸವೆಯಿತು. ಗಾಳಿ ಕಮ್ಮಿ ಎಂದ, ತುಂಬಿದ. ಕಡೆಗೆ, "ಎಡಕ್ಕ ಸವೀತೈತಿ ಅಂದ್ರ ಅಕ್ಕಾರ ಬಲಕ್ಕ ಜಗ್ಗಿ ಓಡಸ್ಲಿ ಬಿಡ್ರಿ" ಎಂದು ಕೈ ತೊಳೆದುಕೊಂಡ.

ಮನೆಗೆ ಬಂದು ನಾವೇ ಅಳತೆ ಮಾಡಿದೆವು. ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಮುಂದೊಮ್ಮೆ ಹಿಂದೊಮ್ಮೆ ಬಿದಿರ ಕಡ್ಡಿ ಹಿಡಿದು ಅಂತರ ನೋಡಿದೆವು. ಅಣ್ಣ ನನಗೆ ತೋರಿಸಿದ್ದ ರೀತಿ ಅದು. ಓರೆ ಎಷ್ಟಿರಬೇಕೋ ಅಷ್ಟೇ ಇತ್ತು, ಐ ಕುಡ್ ಹ್ಯಾವ್ ಕ್ರೈಡ್. ಆಗ ಬಲಗಾಲಿಯ ಮೇಲೂ ಅಂಗೈ ಸವರಿದೆ. ಅದರ ಹೊರ ಅಂಚು ಚೆನ್ನಾಗಿತ್ತು, ಒಳ ಅಂಚು ಸವೆದಿತ್ತು.

"ಅಪ್ಪಾ, ಇದು ತಪ್ಪು" ಎಂದೆ. "ಗಾಲಿ ಮೂಗು ಒಳಗ ಮಾಡಿದ್ರ ಎರಡರದೂ ಹೊರ ಅಂಚು ಸವೀಬೇಕು. ಹೊರಗ ಮಾಡಿದ್ರ ಎರಡರದೂ ಒಳ ಅಂಚು. ಇಲ್ಲಿ ಎಡಗಾಲಿದು ಹೊರಗ, ಬಲಗಾಲಿದು ಒಳಗ. ಎರಡೂ ಎಡಮಗ್ಗಲಕ್ಕ ತೇಯ್ದಾವ."

"ಅಂದ್ರ?"

"ಅಂದ್ರ ಈ ಗಾಡಿ ಯಾವಾಗ್ಲೂ ಬಲಕ್ಕ ಹೊಳ್ಳೂದೊಂದ ಮಾಡ್ಯದ. ಎಡಕ್ಕ ಹೊಳ್ಳೇ ಇಲ್ಲ."

"ಉಣಕಲ್ಲಿಗೆ ಹೋಗಿ ಬರೂದು. ಹೋಗೂವಾಗ ಎಷ್ಟು ಬಲಕ್ಕೋ ಬರೂವಾಗ ಅಷ್ಟ ಎಡಕ್ಕ. ಹುಚ್ಚಿಯಂಗ ಮಾತಾಡಬ್ಯಾಡ, ತಂಗಿ."

ಅವರು ಹೇಳಿದ್ದು ಸರಿಯೇ. ನಾನು ಅಂಗೈ ಒರೆಸಿಕೊಂಡೆ. ಅಣ್ಣನೊಬ್ಬ ಇದ್ದಿದ್ದರೆ ಕೇಳಬಹುದಿತ್ತು ಅನ್ನಿಸಿತು. ಅವನಿದ್ದಿದ್ದರೆ ಈ ಟೈರಿನ ಚಿಂತೆ ಯಾರಿಗೆ ಬೇಕಿತ್ತು?

ಅಂದು ಊಟಕ್ಕೆ ಕೂತಾಗ ಅಪ್ಪ ತಮ್ಮ ನಿರ್ಧಾರ ಹೇಳಿದರು. "ಬರೂ ಭಾನುವಾರ ಗಾಡಿ ಕಲ್ಲಿನ ಮ್ಯಾಲ ಎತ್ತಿ ನಿಲ್ಲಿಸೋಣ. ಗಾಲಿ ಬಿಚ್ಚಿ ಅಟ್ಟದಾಗಿಡೋಣ. ಯುದ್ಧ ಮುಗಿಯೂತನಾ ನೆಲಾ ಹತ್ತೂದ ಬ್ಯಾಡ. ಟೈರರ ಉಳೀತಾವ."

ಬಡಿಸುತ್ತಿದ್ದ ಅವ್ವನ ಕೈಯಲ್ಲಿ ಸಾರಿನ ಸೌಟು ಹಾಗೆಯೇ ನಿಂತಿತು.

"ಬ್ಯಾಡ್ರಿ" ಎಂದಳು.

"ಯಾಕ?"

"ನಿಂತರ ಸಾಯ್ತದ ಅಂತ ಅವನ ಹೇಳಿ ಹೋಗ್ಯಾನ."

"ಸವದರ ಸಾಯಂಗಿಲ್ಲೇನು?"

ಅವ್ವ ಸೌಟು ಬಗ್ಗಿಸಿದಳು. ಸಾರು ಅಪ್ಪನ ತಾಟಿನಲ್ಲಿ ತುಂಬಿ ಹರಿಯಿತು. ಅಣ್ಣ ಹೋದ ಮೇಲೆ ಒಮ್ಮೆಯೂ ಆ ಕಾರಿನ ವಿಷಯದಲ್ಲಿ ಬಾಯಿ ಹಾಕದವಳು ಅಂದು ಬೇಡ ಎಂದದ್ದು ನನಗೆ ವಿಚಿತ್ರ ಕಂಡಿತು. ಆದರೆ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ವಿಚಿತ್ರ ಕಾಣದ್ದು ಯಾವುದಿತ್ತು?

ಅದೇ ವಾರ ಕಾನ್ವೆಂಟಿನಲ್ಲಿ ಯಾವುದೋ ಸಂತರ ಫೀಸ್ಟ್ ಡೇ. ಅರ್ಧ ದಿನಕ್ಕೇ ಶಾಲೆ ಬಿಟ್ಟರು. ಬಿಸಿಲಿನಲ್ಲಿ ನಡೆದು ಬಂದು ಮುಂಬಾಗಿಲು ತಟ್ಟಿದೆ, ಯಾರೂ ತೆರೆಯಲಿಲ್ಲ. ಹಿತ್ತಲಿನ ಕಡೆಯಿಂದ ಒಳಗೆ ಹೋಗೋಣವೆಂದು ಮನೆಯ ಬದಿಯಿಂದ ಸುತ್ತಿ ಬಂದೆ.

ನಮ್ಮ ಹಿತ್ತಲಿನ ನಡುವೆ ಒಂದು ಔದುಂಬರದ ಮರ, ಅದರ ಸುತ್ತ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ದತ್ತನ ಪಾದುಕೆ. ಔದುಂಬರವನ್ನು ಸುತ್ತುವುದು ನಮ್ಮಂಥ ಮನೆಗಳಲ್ಲಿ ದೊಡ್ಡ ಸೇವೆ. ಅಣ್ಣ ಹೋದಂದಿನಿಂದ ಅವ್ವ ಅವನ ಕೋಟೊಂದನ್ನು ತೋಳಿನ ಮೇಲೆ ಹಾಕಿಕೊಂಡು ಸುತ್ತುತ್ತಿದ್ದಳು, ಅದು ನನಗೆ ಗೊತ್ತಿತ್ತು. ದೂರ ಇರುವವರ ಬಟ್ಟೆಯನ್ನು ದೇವರಿಗೆ ಸುತ್ತಿಸಿದರೆ ಅವರೇ ಸುತ್ತಿದ ಹಾಗೆ ಎಂಬುದು ಅವ್ವನ ತವರಿನ ನಂಬಿಕೆ. ಹೊತ್ತ ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲ ಹೋಗುತ್ತದೆ ಎಂದು ಅಪ್ಪನ ಎದುರಿಗೂ ಅನ್ನುತ್ತಿದ್ದಳು. ಮಳೆಗಾಲದಲ್ಲಿ ಅವಳ ಮೊಣಕಾಲು ಬಾತು ನಡೆಯಲಾಗದೆ ಹೋಯಿತು. ಸುತ್ತುವುದನ್ನು ಬಿಟ್ಟಿದ್ದಾಳೆ ಎಂದೇ ನಾನು ತಿಳಿದಿದ್ದೆ.

ಕಾರು ಔದುಂಬರವನ್ನು ಸುತ್ತುತ್ತಿತ್ತು.

ಇಂಜಿನ್ನಿನ ಸಪ್ಪಳವಿಲ್ಲ. ಹಿಂದಿನಿಂದ ನಮ್ಮ ಮಾಲಿ ಮತ್ತು ಅವನ ಹೆಂಡತಿ, ಕಸಮುಸುರೆಗೆ ಬರುವವಳು, ಹೆಗಲುಕೊಟ್ಟು ದಬ್ಬುತ್ತಿದ್ದರು. ಡ್ರೈವರನ ಸೀಟಿನಲ್ಲಿ ಅವ್ವ. ಕಚ್ಚೆ ಸೀರೆ, ಹಣೆಯ ತುಂಬ ಕುಂಕುಮ, ತಲೆಯ ಮೇಲೆ ಸೆರಗು. ಎರಡೂ ಕೈಯಿಂದ ಸ್ಟೀರಿಂಗನ್ನು ಬಲಕ್ಕೆ ತಿರುಗಿದಷ್ಟೂ ತಿರುಗಿಸಿ, ಬಿಟ್ಟರೆ ಮಗು ಬಿದ್ದೀತು ಎಂಬ ಹಾಗೆ ಗಟ್ಟಿಯಾಗಿ ಹಿಡಿದಿದ್ದಳು. ಕಣ್ಣು ಮುಚ್ಚಿತ್ತು, ತುಟಿ ಅಲುಗುತ್ತಿತ್ತು. ಒಂದು ಸುತ್ತು ಮುಗಿದಾಗ ಲೆಕ್ಕಕ್ಕೆಂದು ಮಡಿಲಿನಿಂದ ಒಂದು ಹುಣಸೆ ಬೀಜ ತೆಗೆದು ಪಕ್ಕದ ಸೀಟಿನ ಮೇಲೆ ಹಾಕಿದಳು. ಹಿತ್ತಲಿನ ನೆಲ ಒರಟು ಗರಸು, ಸಣ್ಣ ಕಲ್ಲಿನ ಮಣ್ಣು. ಮುಂದಿನ ಗಾಲಿಗಳು ಓರೆಯಾಗಿ ಅದರ ಮೇಲೆ ತೇಯುತ್ತ ಹೋಗುವಾಗ ಕಿರ್ ಕಿರ್ ಎಂದು ಸಪ್ಪಳ ಬರುತ್ತಿತ್ತು.

ದೇವರು ಸದಾ ಬಲಗೈಗೇ ಇರಬೇಕು. ಪ್ರದಕ್ಷಿಣೆ ಎಡಕ್ಕೆ ಹೊರಳುವುದಿಲ್ಲ. ನನ್ನ ಅಂಗೈ ಸುಳ್ಳು ಹೇಳಿರಲಿಲ್ಲ.

ಮೊದಲು ನನ್ನನ್ನು ಕಂಡವಳು ಮಾಲಿಯ ಹೆಂಡತಿ. "ಅಯ್ಯ ಶಿವನ, ಸಣ್ಣ ಅಕ್ಕಾರು ಬಂದ್ರು" ಎಂದು ಕೈಬಿಟ್ಟಳು. ಕಾರು ನಿಂತಿತು. ಅವ್ವ ಕಣ್ಣು ತೆರೆದಳು. ನಾಚಿಕೆಪಟ್ಟಳೇ ಎಂದು ಕೇಳಿದರೆ ಇಲ್ಲ. ಬೆರಳನ್ನು ತುಟಿಯ ಮೇಲಿಟ್ಟಳು.

"ಹೇಳಬ್ಯಾಡ."

"ಅವ್ವಾ, ಇದೇನು?"

"ಕೋಟು ತೊಗೊಂಡು ಸುತ್ತತಿದ್ದೆ. ಕಾಲು ಬರವಲ್ವು. ಕೋಟಿಗಿಂತ ಇದು ಅವನ ಮೈಗೆ ಹತ್ರ, ತಂಗಿ. ಈ ಸೀಟಿನಾಗ ಅವಾ ಕೂತ ತಗ್ಗು ಇನ್ನೂ ಅದ, ನೋಡು, ಕೈ ಹಚ್ಚಿ ನೋಡು." ನಾನು ಕೈ ಹಚ್ಚಲಿಲ್ಲ. "ಅವನ ಗಾಡಿ ಸುತ್ತಿದ್ರ ಅವಾ ಸುತ್ತಿಧಂಗ. ನಾ ಬರೇ ಹಿಡಕೊಂಡು ಕೂಡತೇನಿ."

"ಅಪ್ಪಗ ಹೇಳಬೇಕಿತ್ತಲ್ಲ. ಅವರು ಅಲ್ಲಿ ಉಸ್ತಾದನ ಬೆನ್ನ ಹತ್ತ್ಯಾರ—"

"ಹೇಳಿದ್ರ ಫಲ ಹೋಗ್ತದ" ಎಂದಳು. "ಮೂಕ ಹರಕಿ ಇದು. ನೀ ನೋಡಿದ್ದ ನನಗ ಹೆದರಿಕಿ ಬಂದದ. ನೋಡಿದ್ರ ನಡೀತದೋ ಏನೋ. ಬಾಯಿಲೆ ಮಾತ್ರ ಬ್ಯಾಡ, ಅವನ ಆಣಿ ಅದ ನಿನಗ."

ಮಾಲಿ ಮುಖ ಒರೆಸಿಕೊಳ್ಳುತ್ತ, "ಅಕ್ಕಾರ, ಎತ್ತು ಹೂಡಿದ್ರ ಹಗರ ಆಗತೈತಿ ಅಂದ್ನಿರಿ. ಅವ್ವಾರು ಒಲ್ಲೆಂದ್ರು. ಸಣ್ಣ ಧಣ್ಯಾರ ಗಾಡಿ ಎತ್ತ ಎಳದ್ರ ಅವರಿಗೆ ಅವಮಾನಂತ" ಎಂದ. ಅವ್ವ ನಕ್ಕಳು. ಆಮೇಲೆ ಮತ್ತೆ ಸ್ಟೀರಿಂಗ್ ಹಿಡಿದಳು. ಉಳಿದ ಬೀಜಗಳು ಮಡಿಲಿನಲ್ಲಿದ್ದವು. ಎಲ್ಲ ಮುಗಿದ ಮೇಲೆ ಮಾಲಿಯ ಹೆಂಡತಿ ಗಾಲಿಯ ಗುರುತು ಹೋಗುವ ಹಾಗೆ ಹಿತ್ತಲನ್ನೆಲ್ಲ ಗುಡಿಸಿದಳು. "ನಮ್ಮ ಹಿತ್ತಲಾ ಎಷ್ಟು ಸ್ವಚ್ಛ ಇಡ್ತಾಳ ನೋಡು" ಎಂದು ಅಪ್ಪ ಅವಳನ್ನು ಹೊಗಳಿದ್ದು ನೆನಪಾಯಿತು.

ಒಳಗೆ ಹೋಗಿ ನನ್ನ ಕೋಣೆಯಲ್ಲಿ ಕೂತೆ. ಒಬ್ಬರು ಮಗ ಬರುವತನಕ ಟೈರು ಉಳಿಯಲಿ ಎಂದು ಒದ್ದಾಡುತ್ತಿದ್ದಾರೆ. ಇನ್ನೊಬ್ಬರು ಮಗ ಬರಲಿ ಎಂದು ಅದೇ ಟೈರನ್ನು ತೇಯುತ್ತಿದ್ದಾರೆ. ಭಾನುವಾರ ಅಪ್ಪ ಕಾರನ್ನು ಕಲ್ಲಿನ ಮೇಲೆ ಎತ್ತಿದರೆ ಅವ್ವನ ಸೇವೆ ನಿಲ್ಲುತ್ತದೆ. ನಿಂತರೆ ಆಕೆ ಉಳಿಯುವುದಿಲ್ಲ ಎಂಬುದು ಆ ಹಿಡಿದ ಕೈಗಳನ್ನು ಕಂಡಾಗಲೇ ನನಗೆ ತಿಳಿದಿತ್ತು. ಎತ್ತದಿದ್ದರೆ ಟೈರು ಉಳಿಯುವುದಿಲ್ಲ. ಕಾನ್ವೆಂಟಿನಲ್ಲಿ ಕಲಿತ ಒಂದು ಪ್ರೇಯರ್ ಬಾಯಿಗೆ ಬಂತು. ಯಾರಿಗೆ ಹೇಳಬೇಕೋ ತಿಳಿಯದೆ ನಡುವೆಯೇ ಬಿಟ್ಟೆ.

ಭಾನುವಾರ ಬಂತು. ಮಾಲಿ ಕಲ್ಲು ಹೊತ್ತು ತಂದಿಟ್ಟ. ಅವ್ವ ಹಿತ್ತಲಿನ ಮೆಟ್ಟಿಲ ಮೇಲೆ ಮೊರ ಹಿಡಿದು ಕೂತಿದ್ದಳು, ಮೊರದಲ್ಲಿ ಅಕ್ಕಿ ಇತ್ತು, ಕೈ ಆಡುತ್ತಿರಲಿಲ್ಲ. ಅಪ್ಪ ಜ್ಯಾಕ್ ಹಚ್ಚುವ ಮೊದಲು ಕಾರಿನ ಒಳಗೆ, ಈ ಸಲ ಸೀಟಿನ ಅಡಿಯಲ್ಲೂ, ಬ್ರಶ್ ಆಡಿಸಿದರು. ಸೀಟಿನ ಕೆಳಗಿನಿಂದ ಹುಣಸೆ ಬೀಜಗಳು ಹೊರಗೆ ಉರುಳಿದವು.

ಅಪ್ಪ ಒಂದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ಡ್ರೈವರನ ಸೀಟನ್ನು ನೋಡಿದರು. ಬಗ್ಗಿ ಎಡಗಾಲಿಯ ಹೊರ ಅಂಚನ್ನು, ಆಮೇಲೆ ಆ ಕಡೆ ಹೋಗಿ ಬಲಗಾಲಿಯ ಒಳ ಅಂಚನ್ನು ಅಂಗೈಯಿಂದ ಸವರಿದರು. ಆಮೇಲೆ ತಲೆ ಎತ್ತಿ ಔದುಂಬರವನ್ನು ನೋಡಿದರು. ಎವಿಡೆನ್ಸ್ ಎಲ್ಲ ಅವರ ಮುಂದಿತ್ತು.

ಅವ್ವನಿಗೆ ಕಾಣದ ಹಾಗೆ ಬೀಜಗಳನ್ನೆಲ್ಲ ಆರಿಸಿ ಅಂಗಿಯ ಕಿಸೆಗೆ ಹಾಕಿಕೊಂಡರು.

"ತಂಗಿ" ಎಂದು ಸಣ್ಣ ದನಿಯಲ್ಲಿ ಅಂದರು, "ಕಲ್ಲು ಬ್ಯಾಡ. ಎಡಗಡೆ ಗಾಲಿ ಬಲಕ್ಕ ಹಾಕೋಣ, ಬಲಗಡೆದು ಎಡಕ್ಕ. ಸವಿಯೂದು ಎರಡೂ ಮಗ್ಗಲಕ್ಕ ಹಂಚತದ. ಅಲ್ಲೇನು?"

"ಹೌದಪಾ" ಎಂದೆ.

"ಉಸ್ತಾದಗ ತೋರಸೂದು ಇನ್ನ ಬ್ಯಾಡ."

ಅಂದಿನಿಂದ ಪ್ರತಿ ಭಾನುವಾರ ಅಪ್ಪ ಗಾಲಿ ಬದಲಿಸಿದರು. ಕೈಯಲ್ಲಿ ಪೆನ್ನಲ್ಲದೆ ಬೇರೇನೂ ಹಿಡಿಯದ ಮನುಷ್ಯ ತಾಮ್ರದ ಸುತ್ತಿಗೆಯಿಂದ ನಟ್ಟು ಬಡಿಯುವುದನ್ನು ಕಲಿತರು. ಉಣಕಲ್ಲಿಗೆ ಹೋಗುವುದನ್ನು ಬಿಟ್ಟೇ ಬಿಟ್ಟೆವು. ಅಷ್ಟು ರಬ್ಬರಾದರೂ ಉಳಿಯಲಿ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನು ಕೇಳಲಿಲ್ಲ. ಬಳಿಕ ಸ್ಟೆಪ್ನಿಯನ್ನೂ ಈ ಸರದಿಯಲ್ಲಿ ಸೇರಿಸಿದರು. ಅವ್ವ ಇದನ್ನೆಲ್ಲ ಯಾವುದೋ ರಿಪೇರಿ ಎಂದುಕೊಂಡಳು. ಕೋರ್ಟು ಯಾವಾಗಲಾದರೂ ಬೇಗ ಬಿಟ್ಟರೆ ಅಪ್ಪ ಮನೆಗೆ ಬರದೆ ಕ್ಲಬ್ಬಿನಲ್ಲೋ ಗೆಳೆಯರಲ್ಲೋ ಹೊತ್ತು ಕಳೆದು ಬರುತ್ತಿದ್ದರು. ದೇವರಿಲ್ಲವೆನ್ನುವ ಮನುಷ್ಯ, ಫಲ ಹೋಗದಿರಲಿ ಎಂದು ಊರೆಲ್ಲ ಅಲೆದು ಬರುತ್ತಿದ್ದರು. ಮೂವರೂ ಒಂದೇ ಮನೆಯಲ್ಲಿ, ಒಂದೇ ಮಾತನ್ನು, ಒಬ್ಬರಿಗೊಬ್ಬರು ಹೇಳದೆ ಬದುಕಿದೆವು.

ಕಾರ್ಡು ಬರಲಿಲ್ಲ. ಪಕ್ಕದ ಓಣಿಯವರ ಮಗ ಸೆರೆಯಲ್ಲಿರುವ ಸುದ್ದಿ ಬಂದಾಗ ಅವ್ವ ಅವರ ಮನೆಗೆ ಹೋಗಿ ಸಕ್ಕರೆ ಕೊಟ್ಟು ಬಂದಳು. ಅಂದಿನಿಂದ ಮಡಿಲಿನ ಬೀಜಗಳು ಹೆಚ್ಚಾದವು. ಮಾಲಿಯ ಹೆಗಲು ನೋಯುತ್ತಿತ್ತು. ಮಳೆಗೆ ಗರಸಿನ ಮಣ್ಣು ಕೊಚ್ಚಿ ಹೋಗಿ ಚೂಪು ಕಲ್ಲುಗಳು ಮೇಲೆದ್ದವು. ಹಂಚಿದರೇನು, ಸವೆಯುವುದು ನಿಲ್ಲುತ್ತದೆಯೇ? ಮೊದಲು ಒಂದು ಅಂಚು ಹೋಗುತ್ತಿತ್ತು, ಈಗ ಎರಡೂ ಹೋದವು. ನಾನು ಅಂಗೈ ಸವರುವುದನ್ನು ಬಿಟ್ಟೆ.

ಒಂದು ಶನಿವಾರ, ಮುಂಜಾನೆಯ ಶಾಲೆ ಮುಗಿಸಿ ಬಂದಿದ್ದೆ. ಅವ್ವ ನನ್ನಿಂದ ಈಗ ಏನೂ ಮುಚ್ಚಿಡುತ್ತಿರಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಮಕ್ಕಳ ಕಾಪಿ ತಿದ್ದುತ್ತಿದ್ದೆ. ಕಿರ್ ಕಿರ್ ಸಪ್ಪಳ ತಟ್ಟನೆ ನಿಂತಿತು. ಬುಸ್ಸೆಂದು ಗಾಳಿ ಹೋಯಿತು, ಕಾರಿನ ಮೂತಿ ಎಡಕ್ಕೆ ಕುಸಿಯಿತು.

"ಗಾಲಿ ಕುಂತೈತ್ರಿ, ಅವ್ವಾರ" ಎಂದ ಮಾಲಿ.

ಅವ್ವ ಬಾಗಿಲು ತೆರೆದು ಇಳಿದಳು. ಇಷ್ಟು ದಿನ ಆ ಕಾರಿನಲ್ಲಿ ಕೂತವಳು ಒಮ್ಮೆಯೂ ಗಾಲಿಯ ಕಡೆ ನೋಡಿರಲಿಲ್ಲ, ಅವಳ ಮನಸ್ಸೆಲ್ಲ ಮರದ ಮೇಲೆಯೇ. ಅಂದು ಬಾತ ಮೊಣಕಾಲು ಮಡಿಸಿ, ಕಾರು ಹಿಡಿದುಕೊಂಡು ಕೆಳಗೆ ಕೂತಳು. ರಬ್ಬರು ಹೋಗಿ ಒಳಗಿನ ಬಿಳಿ ಕ್ಯಾನ್ವಾಸ್ ಎಳೆ ಎಳೆಯಾಗಿ ಎದ್ದು ಕಾಣುತ್ತಿತ್ತು. ಅದರ ಮೇಲೆ ಬೆರಳಿಟ್ಟಳು. ಆ ಕಡೆ ಹೋಗಿ ಇನ್ನೊಂದನ್ನೂ ನೋಡಿದಳು.

"ಇಷ್ಟು ಸವದಿತ್ತೇನ?" ಎಂದಳು. "ನಾ ಸುತ್ತೂದಕ್ಕ ಸವೀತದಂತ ಯಾರೂ ನನಗ ಹೇಳಲೇ ಇಲ್ಲಲ್ಲ."

ನಾನು ಕಾಪಿಗಳನ್ನು ಬದಿಗಿಟ್ಟು ಅವಳ ಹತ್ತಿರ ಹೋದೆ.

"ಅವನದಂತ ಉಳದದ್ದು ಇದೊಂದು. ನಾನ ತಿರುಗಿಸಿ ತಿರುಗಿಸಿ ತಿಂದುಬಿಟ್ಟೆ."

"ಅವ್ವಾ, ಹಂಗನಬ್ಯಾಡ. ಪ್ಯಾಚ್ ಹಾಕೋಣ—"

ಅವ್ವ ಮಡಿಲಿನಲ್ಲಿ ಉಳಿದ ಬೀಜಗಳನ್ನು ನೋಡಿದಳು. ಎಣಿಸಲಿಲ್ಲ. ಸೆರಗು ಕೊಡವಿದಳು. ಅವು ಗರಸಿನಲ್ಲಿ ಚೆಲ್ಲಿದವು. "ನೀವು ಮನಿಗೆ ಹೋಗ್ರಿ" ಎಂದು ಮಾಲಿಗೂ ಅವನ ಹೆಂಡತಿಗೂ ಹೇಳಿ ಒಳಗೆ ಹೋದಳು. ಆ ದಿನ ಹಿತ್ತಲನ್ನು ಯಾರೂ ಗುಡಿಸಲಿಲ್ಲ. ರಾತ್ರಿಯ ಅನ್ನಕ್ಕೆ ಮೂವರಿಗಾಗುವಷ್ಟೇ ಅಕ್ಕಿ ಹಾಕಿದಳು. ಅವ್ವನ ಮಟ್ಟಿಗೆ ಅಣ್ಣ ತೀರಿಕೊಂಡದ್ದು ಆ ಶನಿವಾರ. ಯುದ್ಧ ಮುಗಿದ ಮೇಲೆ ಸರಕಾರದಿಂದ ಬಂದ ಕಾಗದದಲ್ಲಿ ನಮಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ.

ಮರುದಿನ ಭಾನುವಾರ. ಅಪ್ಪ ಎಂದಿನಂತೆ ಕಚ್ಚೆ ಬಿಗಿದು ಹಿತ್ತಲಿಗೆ ಬಂದರು. ಗುಡಿಸದ ನೆಲದಲ್ಲಿ ಗಾಲಿಯ ಗುರುತುಗಳು ಮರದ ಸುತ್ತ ಒಂದರ ಮೇಲೊಂದು ಬಿದ್ದಿದ್ದವು. ಅವುಗಳನ್ನು ದಾಟಿ ಹೋಗಿ, ಜ್ಯಾಕ್ ಹಚ್ಚಿ, ಕೂತ ಗಾಲಿಯನ್ನು ಬಿಚ್ಚಿದರು. ಹಳೆಯ ಟೈರಿನ ಒಂದು ತುಂಡನ್ನು ಒಳಗಿಟ್ಟು ಹೇಗೋ ಗಾಳಿ ನಿಲ್ಲಿಸಿದರು. ಆಮೇಲೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಉರುಳಿಸಿದರು. ಅವ್ವ ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಿದ್ದಳು.

"ಏನ್ ಮಾಡ್ಲಿಕತ್ತೀರಿ?" ಎಂದಳು.

"ಗಾಲಿ ಬದಲಿ."

"ಯಾಕ?"

ಅಪ್ಪ ತಲೆ ಎತ್ತಲಿಲ್ಲ. "ಎಡಗಾಲಿ ಹೊರಗಿನ ಅಂಚು ಸವೀತದ. ಬಲಗಾಲಿ ಒಳಗಿಂದು. ಬದಲಿ ಮಾಡಿದ್ರ ಸ್ವಲ್ಪ ದಿನಾ ಬರ್ತಾವ."

ಅವ್ವನ ಕೈ ಮೊರದಲ್ಲಿ ನಿಂತಿತು. ಅಪ್ಪನನ್ನು ನೋಡಿದಳು, ಮರವನ್ನು ನೋಡಿದಳು.

"ಯಾವಾಗಿನಿಂದ ಗೊತ್ತದ ನಿಮಗ?"

ಅಪ್ಪ ಗಾಲಿಯನ್ನು ಎತ್ತಿ ಕೂಡಿಸಿದರು.

"ಗೊತ್ತಿದ್ದು ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಫಲ ಹೋಗ್ತದ ಅಂತಿದ್ದೆಲ್ಲ ನೀನು" ಎಂದರು ಅಪ್ಪ.

ಅವ್ವ ಮೊರವನ್ನು ಬದಿಗಿಟ್ಟಳು. ಅಪ್ಪ ತಾಮ್ರದ ಸುತ್ತಿಗೆ ಎತ್ತಿಕೊಂಡು ನಟ್ಟಿನ ಕಿವಿಗೆ ಬಡಿಯತೊಡಗಿದರು. ನಟ್ಟು ಬಿಗಿಯಾದಾಗ ಸಪ್ಪಳ ಬದಲಾಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು ಎಂದು ಅಣ್ಣ ಹೇಳಿಕೊಟ್ಟಿದ್ದ. ಸಪ್ಪಳ ಬದಲಾಯಿತು. ನನಗೆ ಕೇಳಿಸಿತು, ಅವರಿಗೂ ಕೇಳಿಸಿರಬೇಕು. ಆದರೂ ಅವರು ಬಡಿಯುತ್ತಲೇ ಇದ್ದರು. ನಾನು ಹೋಗಿ ಸುತ್ತಿಗೆಯನ್ನು ಅವರ ಕೈಯಿಂದ ಬಿಡಿಸಿಕೊಳ್ಳಬೇಕಾಯಿತು.